ಚಿತ್ರ ನೋಡಿ ಹಾಡು ಹಾಕುವವರು

ಮೊನ್ನೆ ಸುಣ್ಣ ಬಳಿಸಲೆಂದು ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಯನ್ನು ಇಳಿಸಿ ಮುಚ್ಚಳ ತೆಗೆದೆ ನೋಡಿ, ಹಳೆಯ ಕ್ಯಾಸೆಟ್ಟುಗಳ ವಾಸನೆ ಗಮ್ಮೆಂದು ಮೂಗಿಗೆ ಬಡಿಯಿತು. ಕಾದ ಪ್ಲಾಸ್ಟಿಕ್ಕಿನ ವಾಸನೆ, ಅದರೊಳಗೆ ಊದಿನಕಡ್ಡಿಯ ವಾಸನೆ. ನಮ್ಮ ಟೇಪ್ ರೆಕಾರ್ಡರ್ ಇದ್ದದ್ದು ದೇವರಮನೆಯ ಬಾಗಿಲಿಗೆ ಅಂಟಿಕೊಂಡ ಗೂಡಿನಲ್ಲಿ. ಹೀಗಾಗಿ ನಮ್ಮ ಕ್ಯಾಸೆಟ್ಟುಗಳು ವರ್ಷಗಟ್ಟಲೆ ಧೂಪ ಕುಡಿದೇ ಬೆಳೆದವು.

ಅವನ್ನೆಲ್ಲ ತಂದು ಗುಡ್ಡೆ ಹಾಕಿದವರು ನಮ್ಮ ಯಜಮಾನರು. ಹೊಳೆನರಸೀಪುರದಿಂದ ದಿನಾ ಹಾಸನಕ್ಕೆ ಬಸ್ಸಿನಲ್ಲಿ ಹೋಗಿ ಕೆಲಸ ಮಾಡಿ ಬರುತ್ತಿದ್ದ ಕಾಲ ಅದು. ಸೊಪ್ಪು ತನ್ನಿ ಎಂದು ಚೀಲ ಕೊಟ್ಟರೆ ಸೊಪ್ಪಿನ ಅಡಿಯಲ್ಲಿ ಒಂದು ಕ್ಯಾಸೆಟ್ಟು ಬರುತ್ತಿತ್ತು. ಚನ್ನರಾಯಪಟ್ಟಣಕ್ಕೆ ಮದುವೆಗೆ ಹೋದರೆ ಇವರನ್ನು ಛತ್ರದಲ್ಲಿ ಹುಡುಕಿ ಪ್ರಯೋಜನವಿಲ್ಲ, ಕ್ಯಾಸೆಟ್ ಅಂಗಡಿಯ ಮುಂದೆ ನಿಂತಿರುತ್ತಿದ್ದರು. ಕುಡಿತವಿಲ್ಲ, ಇಸ್ಪೀಟಿಲ್ಲ. ಹಾಡಿನ ಹುಚ್ಚು ಕೊಟ್ಟಿದ್ದಾನಲ್ಲ ದೇವರು, ಅಷ್ಟಕ್ಕೇ ನಿಲ್ಲಿಸಿದ್ದಾನಲ್ಲ ಎಂದು ನಾನು ಕೈಮುಗಿದಿದ್ದೇನೆ.

ತಂದವರು ಇವರಾದರೂ ಆಳಿದವರು ನಮ್ಮ ಅತ್ತೆ. ಹಿರೀಸಾವೆ ಕಡೆಯ ಹಳ್ಳಿಯವರು, ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಬಸ್ಸಿನ ಬೋರ್ಡು, ಔಷಧಿಯ ಚೀಟಿ, ಮದುವೆಯ ಕಾಗದ, ಏನೇ ಬಂದರೂ ಇನ್ನೊಬ್ಬರ ಮುಂದೆ ಹಿಡಿಯಬೇಕು. ಆದರೆ ಕ್ಯಾಸೆಟ್ಟಿನ ವಿಷಯದಲ್ಲಿ ಅವರು ಯಾರ ಹಂಗಿನಲ್ಲೂ ಇರಲಿಲ್ಲ. ಡಬ್ಬಿಯ ಮೇಲಿನ ಚಿತ್ರ ನೋಡಿದರೆ ಸಾಕು, ಒಳಗಿನ ಹಾಡು ಹೇಳುವರು. ಶುಕ್ರವಾರಕ್ಕೆ ಕೆಂಪು ಸೀರೆಯ ಲಕ್ಷ್ಮಿ, ಶನಿವಾರಕ್ಕೆ ಗುಡ್ಡ ಹೊತ್ತ ಹನುಮಪ್ಪ. ಕೆಂಪು ಸೀರೆಯ ಲಕ್ಷ್ಮಿಯರು ಇಬ್ಬರಿದ್ದರಲ್ಲ, ಗೊಂದಲವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ಆನೆ ಸೊಂಡ್ಲು ಎತ್ತಿರೋ ಲಕ್ಷ್ಮಿ ನಿಧಾನಕ್ಕೆ ಆಡ್ತಾಳೆ ಕಣವ್ವ. ಸೊಂಡ್ಲು ಇಳ್ಸಿರೋಳ್ಗೆ ಅರ್ಜೆಂಟು" ಎಂದರು. ಸ್ನಾನ ಮುಗಿಸಿ, ದೀಪ ಹಚ್ಚಿ, ಇವತ್ತು ಮನೆಯಲ್ಲಿ ಏನು ಕೇಳಬೇಕೆಂದು ಅತ್ತೆ ತೀರ್ಮಾನಿಸಿದ ಮೇಲೆಯೇ ನಮಗೆ ಬೆಳಗಾಗುತ್ತಿದ್ದದ್ದು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮನೆಗೆ ಕಂಪ್ಯೂಟರ್ ಬಂತು. ಟೇಪು ಸವೆದುಹೋಗುತ್ತದೆ ಎಂಬ ಚಿಂತೆ ಇವರಿಗೆ. ಟೇಪ್ ರೆಕಾರ್ಡರಿಗೂ ಕಂಪ್ಯೂಟರಿಗೂ ವೈರು ಕಟ್ಟಿ, ಭಾನುವಾರಗಳನ್ನೆಲ್ಲ ಸುರಿದು ಒಂದೊಂದೇ ಕ್ಯಾಸೆಟ್ಟನ್ನು ಅದರೊಳಗೆ ಇಳಿಸಿದರು. ಕ್ಯಾಸೆಟ್ಟುಗಳು ಅಟ್ಟ ಸೇರಿದವು. ಕಂಪ್ಯೂಟರಿನಲ್ಲಿ ಹಾಡುಗಳೇನೋ ಸಾಲಾಗಿ ನಿಂತವು, ಆದರೆ ಎಲ್ಲದಕ್ಕೂ ಒಂದೇ ಮುಖ: ಬೂದು ಬಣ್ಣದ ಚೌಕ, ಅದರಲ್ಲಿ ಸಂಗೀತದ ಒಂದು ಗುರುತು. ಕೆಳಗೆ ಇಂಗ್ಲಿಷ್ ಅಕ್ಷರದ ಹೆಸರು.

ಹಾಡು ಹಾಕಿಕೊಡೆಂದು ಅತ್ತೆ ನಾಲ್ಕು ದಿನ ನನ್ನನ್ನು ಕರೆದರು. ನಾನು ಒಲೆಯ ಮುಂದೆ, ಕೈಯೆಲ್ಲ ಹಿಟ್ಟು. ಇದೋ ಬಂದೆ ಎನ್ನುವಷ್ಟರಲ್ಲಿ ಅವರ ಪೂಜೆಯೇ ಮುಗಿದಿರುತ್ತಿತ್ತು. ಆಮೇಲೆ ಕರೆಯುವುದನ್ನೇ ಬಿಟ್ಟರು. ಯಾವುದು ಹಾಕಲಿ ಎಂದು ನಾನಾಗಿ ಕೇಳಿದರೆ, "ನೀನ್ ಯಾವ್ದ್ ಆಕಿದ್ರೂ ದೇವ್ರೇ ಅಲ್ವೇನವ್ವ" ಎಂದು ಹೂ ಕಟ್ಟುತ್ತ ಕುಳಿತರು. ಮಾತು ಸರಿಯಾಗೇ ಇತ್ತು, ಆದರೆ ಧ್ವನಿ ಸರಿಯಿರಲಿಲ್ಲ. ಮನೆಯಲ್ಲಿ ಅವರೇ ನಡೆಸುತ್ತಿದ್ದ ಒಂದೇ ಕೆಲಸ ಕೈಬಿಟ್ಟುಹೋಗಿತ್ತು. ಇವರಿಗೆ ಹೇಳಿದರೆ, ಹೆಸರು ಹಾಕಿದ್ದೀನಲ್ಲ, ನಿಧಾನವಾಗಿ ರೂಢಿಯಾಗುತ್ತೆ ಬಿಡು ಎಂದರು. ಹೆಸರು ಓದಲು ಬರುವವರಿಗೆ ತಾನೇ ರೂಢಿಯಾಗುವುದು?

ಆ ಬೂದು ಚೌಕಗಳ ಜಾಗದಲ್ಲಿ ಹಾಡಿಗೆ ತಕ್ಕ ಚಿತ್ರ ಅಂಟಿಸುವುದನ್ನು ನಾನೇ ಕಲಿಯುವುದೆಂದು ಹೊರಟೆ. ಇವರು ಒಂದು ಸಲ ತೋರಿಸಿಕೊಟ್ಟರು, ನಾನು ಎರಡು ಸಲ ಮರೆತೆ. ಮೊದಲ ದಿನ, ಕಂಪ್ಯೂಟರಿನಲ್ಲೇ ಇದ್ದ ನಮ್ಮೂರ ನರಸಿಂಹಸ್ವಾಮಿಯ ಫೋಟೋ ಹಿಡಿದು ಯಾವ ಗುಂಡಿ ಒತ್ತಿದೆನೋ, ಅಷ್ಟೂ ಹಾಡುಗಳ ಮೇಲೆ ಸ್ವಾಮಿಯೇ ಬಂದು ಕುಳಿತುಬಿಟ್ಟ. ಇವರ ಹಳೆಯ ಸಿನಿಮಾದ ಪ್ರೇಮಗೀತೆಗಳ ಮೇಲೂ. ರಾತ್ರಿ ಊಟವಾದ ಮೇಲೆ ಒಂದನ್ನು ಹಾಕಲು ಹೋದವರು ಸ್ವಾಮಿಯನ್ನು ನೋಡಿ ಕೈ ಹಿಂದೆ ತೆಗೆದುಕೊಂಡು, ಸುಮ್ಮನೆ ಹೋಗಿ ಮಲಗಿದರು.

ಕ್ಯಾಸೆಟ್ ಡಬ್ಬಿಗಳಿಂದ ಚಿತ್ರದ ಚೀಟಿಗಳನ್ನು ಬಿಡಿಸಿಕೊಂಡು, ಲಗ್ನಪತ್ರಿಕೆ ಮಾಡುವ ಅಂಗಡಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆ. ಅಂಗಡಿಯಾತ ಮೊದಲು ಗಂಡಿನ ಹೆಸರು ಕೇಳಿದ. ವಿಷಯ ತಿಳಿದ ಮೇಲೆ ಪಾಪ, ಚೆನ್ನಾಗಿಯೇ ಮಾಡಿಕೊಟ್ಟ. ಕೆಲವು ಮಾತ್ರ ಸೊಟ್ಟಗಾಗಿ, ಕೃಷ್ಣನ ಕಿರೀಟ ಹಾರಿಹೋಗಿ, ಶಿವನಿಗೆ ಅರ್ಧವೇ ಮುಖ ಬಂದಿತ್ತು. ಅವನ್ನು ಮತ್ತೆ ಮಾಡಿಸಿದೆ. ಹಾಳಾದವನ್ನು ಏನು ಮಾಡುವುದು? ಅಳಿಸಬೇಕೆಂದರೆ ಕಂಪ್ಯೂಟರಿನಲ್ಲಿ ಕಸದ ಬುಟ್ಟಿಯ ಚಿತ್ರವಿದೆ, ಅದರೊಳಗೆ ಎಳೆದು ಹಾಕಬೇಕು. ನೀವೇ ಹೇಳಿ, ದೇವರನ್ನು ಕಸದ ಬುಟ್ಟಿಗೆ ಹಾಕುವುದು ಹೇಗೆ? ಗಾಜು ಒಡೆದ ಪಟ, ಹಳೆಯ ಕ್ಯಾಲೆಂಡರಿನ ದೇವರು, ಭಿನ್ನವಾದದ್ದು ಯಾವುದಿದ್ದರೂ ನಾವು ಹೊಳೆಯ ದಂಡೆಯ ಅರಳಿಮರದ ಬುಡದಲ್ಲಿ ಇಟ್ಟು ಬರುವವರು. ಅದಕ್ಕೇ ಕಂಪ್ಯೂಟರಿನಲ್ಲೂ ಒಂದು ಫೋಲ್ಡರ್ ಮಾಡಿ, 'ಅರಳಿಕಟ್ಟೆ' ಎಂದು ಹೆಸರಿಟ್ಟು, ಅವರನ್ನೆಲ್ಲ ಅಲ್ಲಿ ಕೂರಿಸಿದೆ. ಒಂದು ದಿನ ಇವರ ಕಣ್ಣಿಗೆ ಬಿತ್ತು.

"ಏನೇ ಇದು, ನಮ್ಮೂರ ಕಟ್ಟೆ ಮೇಲೂ ಇಷ್ಟು ಜನ ಇಲ್ವಲ್ಲೇ" ಎಂದು ಸಂಜೆಯೆಲ್ಲ ನಕ್ಕರು. ನಕ್ಕರೇ ಹೊರತು, ಅಳಿಸಲು ಅವರ ಕೈಯೂ ಬರಲಿಲ್ಲ.

ಕೊನೆಗೊಂದು ಬೆಳಿಗ್ಗೆ ಅತ್ತೆಯನ್ನು ಕುರ್ಚಿಯ ಮೇಲೆ ಕೂರಿಸಿ ಮೌಸು ಕೈಗೆ ಕೊಟ್ಟೆ. ಇಲಿ ಓಡಿದ ಹಾಗೆ ಬಾಣ ಪರದೆಯೆಲ್ಲ ಓಡಿತು. ಹಾಳಾದ್ದು ನಿಲ್ಲದಲ್ಲ ಎಂದು ಬೈದುಕೊಂಡರು, ಸೆರಗಿನಿಂದ ಕೈ ಒರೆಸಿಕೊಂಡು ಮತ್ತೆ ಹಿಡಿದರು. ಮೂಗನ್ನು ಪರದೆಗೆ ತಗುಲಿಸುವಷ್ಟು ಬಗ್ಗಿ ಒಬ್ಬೊಬ್ಬರನ್ನೇ ನೋಡುತ್ತ ಬಂದರು. ಸೊಂಡಿಲೆತ್ತಿದ ಆನೆ ಸಿಕ್ಕಿತು. ಒತ್ತಿದರು. ಲಕ್ಷ್ಮಿ ನಿಧಾನವಾಗಿ ಹಾಡತೊಡಗಿದಳು. ಅತ್ತೆ ಕುರ್ಚಿಯಿಂದ ಎದ್ದರು. ಒಳಗೆ ಹೋಗಿ, ಗಂಟೆಯನ್ನು ದಿನಕ್ಕಿಂತ ಜೋರಾಗಿ ಬಾರಿಸಿದರು.

ವಾರ ಕಳೆದ ಮೇಲೆ ನನ್ನನ್ನು ಕರೆದು ಪರದೆಯ ಮೂಲೆಗೆ ಬೆರಳು ಮಾಡಿದರು. ಅಲ್ಲೊಂದು ಬೂದು ಚೌಕ ಹಾಗೇ ಉಳಿದಿತ್ತು. ಅದು ನನ್ನ ಅಮ್ಮನದು. ಅರಕಲಗೂಡಿನ ತವರಿನಲ್ಲಿ ವರಮಹಾಲಕ್ಷ್ಮಿ ಹಬ್ಬದ ದಿನ ಅಮ್ಮ ಹಾಡಿದ ಆರತಿಯ ಹಾಡುಗಳನ್ನು ಇವರು ಖಾಲಿ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಅಮ್ಮ ಹೋದ ಮೇಲೆ ನಾನಾಗಿ ಅದನ್ನು ಹಾಕಿಕೊಂಡು ಕೇಳಿದವಳಲ್ಲ. ಅಂಗಡಿಯ ಕ್ಯಾಸೆಟ್ಟಲ್ಲ, ಅದಕ್ಕೆ ಚಿತ್ರವಿಲ್ಲ ಎಂದೆ.

"ಅಮ್ಮಯ್ಯಂದು ಪಟ ಐತಲ್ಲ, ಅದ್ನೇ ಆಕು."

ದೇವರ ಸಾಲಿನಲ್ಲಿ ಮನುಷ್ಯರ ಫೋಟೋ ಹೇಗೆ ಇಡುವುದು, ಅದೂ ಹೋದವರದ್ದು ಎಂದು ನಾನು ಹಿಂಜರಿದೆ. ನಮ್ಮ ದೇವರಮನೆಯಲ್ಲಿ ಹಾಗೆ ಇಡುವ ಪದ್ಧತಿಯಿಲ್ಲ. ಆ ಪದ್ಧತಿಯನ್ನು ನನಗೆ ಕಲಿಸಿದವರೂ ಅತ್ತೆಯೇ.

"ಆಡಿರಾದು ದೇವ್ರ್ ಪದ ತಾನೆ? ಪಕ್ದಲ್ ಕೂತ್ಕಂಡ್ರೆ ದೇವ್ರೇನ್ ಎದ್ದೋಗಲ್ಲ. ಆಕವ್ವ."

ಹಾಕಿದೆ. ಹಸಿರು ಸೀರೆ, ಅಗಲ ಕುಂಕುಮ, ಕ್ಯಾಮರಾ ಕಂಡರೆ ಬಿಗಿಯುತ್ತಿದ್ದ ಆ ತುಟಿ.

ಮೊನ್ನೆ ಆ ಪೆಟ್ಟಿಗೆಯ ಧೂಳಿನಲ್ಲಿ ಕುಳಿತಿದ್ದಾಗ ನಡು ಹಿಡಿದುಕೊಂಡಿತು. ಹಾಗೇ ಗೋಡೆಗೆ ಒರಗಿದ್ದೆ. ಆಚೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದ ಸದ್ದಾಯಿತು. ಶುಕ್ರವಾರವೂ ಅಲ್ಲ, ಹಬ್ಬವೂ ಅಲ್ಲ, ಪೂಜೆಯ ಹೊತ್ತೂ ಅಲ್ಲ. ಅತ್ತೆ ಯಾರೊಡನೆಯೋ ಮಾತಾಡುತ್ತಿದ್ದರು.

"ಬೀಗ್ತಮ್ಮಾ, ನಿನ್ ಮಗ್ಳು ಸುಸ್ತಾಗಿ ಕುಂತವ್ಳೆ. ಬಾ, ಒಂದ್ ಪದ ಆಡು."

ಅಮ್ಮ ಗಂಟಲು ಸರಿಮಾಡಿಕೊಂಡಳು. ನಾನು ಕಣ್ಣು ಮುಚ್ಚಿಕೊಂಡು, ಅಲ್ಲೇ ಕೇಳುತ್ತ ಕುಳಿತೆ.