ಹಂಡೆ ಒಲೆಯ ಮೇಲೆ ಇಟಲಿ ಸಾರು

ಮೊನ್ನೆ ವರ್ತೂರು ಕೋಡಿಯ ಹತ್ತಿರ ಯಾರೋ ರಸ್ತೆ ಬದಿಗೆ ಟೊಮೇಟೊ ಸುರಿದು ಹೋಗಿದ್ದರು. ಬಿಸಿಲಿಗೆ ಬೆಂದು, ಲಾರಿ ಚಕ್ರಕ್ಕೆ ಸಿಕ್ಕಿ, ಹುಳಿ ವಾಸನೆ ಎದ್ದಿತ್ತು. ನಮ್ಮ ಕೆರೆಯ ನಾತವನ್ನೂ ಮೀರಿಸಿ ಮೂಗಿಗೆ ಬಡಿಯಬೇಕಾದರೆ ಅದಕ್ಕೆ ಎಷ್ಟು ಸೊಕ್ಕಿರಬೇಕು ನೋಡಿ. ಜೊತೆಯಲ್ಲಿದ್ದ ಸೊಸೆ ಶೈಲಾ ವೇಲನ್ನು ಮೂಗಿಗೆ ಹಿಡಿದಳು. ನನಗೆ ಕ್ಲಾರಾ ನೆನಪಾದಳು.

ಕ್ಲಾರಾ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದ ಇಟಲಿ ದೇಶದ ಹೆಂಗಸು. ವೈಟ್‌ಫೀಲ್ಡ್ ಕಡೆ ಯಾವುದೋ ಕಂಪನಿಯಲ್ಲಿ ಮಿಷನ್ನುಗಳ ಕೆಲಸ. ನಲವತ್ತು ದಾಟಿದವಳು, ಒಬ್ಬಳೇ. ಅವಳು ಕಲಿತ ಕನ್ನಡ ಎರಡೇ ಮಾತು. ಒಂದು "ಅಜ್ಜಿ, ನೀರು ಬಂತಾ?" ಇನ್ನೊಂದು "ಅಜ್ಜಿ, ಖಾರ ಬೇಡ". ವರ್ತೂರಿನಲ್ಲಿ ಬದುಕಲು ಇಷ್ಟು ಸಾಕು. ಬಹಳ ಒಳ್ಳೆಯವಳು ಎಂದೇನೂ ನಾನು ಹೇಳುವುದಿಲ್ಲ, ಚಪ್ಪಲಿ ಹಾಕಿಕೊಂಡೇ ಒಳಗೆ ಬರುತ್ತಿದ್ದಳು. ಕೆಟ್ಟವಳೂ ಅಲ್ಲ.

ಕೊರೊನಾ ಬಂದು ಎಲ್ಲ ಬಂದ್ ಆಯಿತಲ್ಲ, ಆಗಿನ ಮಾತು. ಬೆಳಿಗ್ಗೆ ಹಾಲು ತರಕಾರಿಗೆ ಬಿಡುತ್ತಿದ್ದರು. ಆಮೇಲೆ ಬೀದಿಗಿಳಿದರೆ ಪೊಲೀಸರ ಲಾಠಿ. ವಯಸ್ಸಾದವರಂತೂ ಹೊಸಿಲೇ ದಾಟಬಾರದು. ಪ್ಲೇಗು ಬಂದಾಗ ಊರಿಗೆ ಊರೇ ಖಾಲಿ ಮಾಡಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರೆಂದು ನಮ್ಮತ್ತೆ ಹೇಳುತ್ತಿದ್ದರು. ಆಗ ಹೊರಗೆ ಹೋದವರು ಬದುಕಿದರು, ಈಗ ಒಳಗೆ ಕೂತವರು ಬದುಕಬೇಕು. ಹೊರಗೆ ಹೋಗೋಣವೆಂದರೂ ಹೊಲ ಎಲ್ಲಿದೆ? ನಾವೇ ಮಾರಿಕೊಂಡೆವು, ಅಪಾರ್ಟ್‌ಮೆಂಟು ಎದ್ದಿದೆ.

ಸಾಯಂಕಾಲ ಕ್ಲಾರಾ ಮೆಟ್ಟಿಲ ಮೇಲೆ, ನಾನು ಕೆಳಗೆ ಕುರ್ಚಿಯಲ್ಲಿ. ನಡುವೆ ನಿಂತ ಶೈಲಾ ಅವಳ ಇಂಗ್ಲಿಷನ್ನು ನನಗೆ, ನನ್ನ ಬೈಗುಳವನ್ನು ಅವಳಿಗೆ ದಾಟಿಸುತ್ತಿದ್ದಳು. ಅವರ ದೇಶದಲ್ಲಿ ಮನೆ ಬಿಟ್ಟು ಹೊರಟರೆ ಯಾಕೆ ಹೊರಟೆ ಎಂದು ಬರೆದ ಕಾಗದ ಜೇಬಿನಲ್ಲಿ ಇರಬೇಕಂತೆ. ನಾಯಿ ಸಾಕಿದವರಿಗೆ ಮಾತ್ರ, ನಾಯಿಯ ನೆಪದಲ್ಲಿ, ಒಂದಿಷ್ಟು ತಿರುಗಾಟ.

"ಅಂಗಾದ್ರೆ ಅಲ್ಲಿ ನಾಯಿನೂ ಬಾಡಿಗೆಗೆ ಕೊಡ್ತಿರಬೇಕು" ಅಂದೆ.

ಕ್ಲಾರಾ ಕೇಳಿ ಬಿದ್ದುಬಿದ್ದು ನಕ್ಕಳು. "ನಿಜ ಅಂತೆ ಅತ್ತೆ, ಪಕ್ಕದ ಮನೆಯವರು ಕ್ಲಾರಾ ಅಣ್ಣನ ಹತ್ರ ನಾಯಿ ಕೇಳ್ಕೊಂಡು ಬಂದಿದ್ರಂತೆ" ಅಂದಳು ಶೈಲಾ.

ಅಲ್ಲಿಯವರು ಬಾಲ್ಕನಿಯಲ್ಲಿ ನಿಂತು ಹಾಡಿದರಂತೆ. ನಾವು ತಟ್ಟೆ ಬಡಿದೆವು. ಸ್ವೀಡನ್ ಎಂಬ ಇನ್ನೊಂದು ದೇಶದಲ್ಲಿ ಹೋಟೆಲನ್ನೂ ಮುಚ್ಚಲಿಲ್ಲವಂತೆ. ಕೆಮ್ಮಿಗೆ ಮನೆಗೊಂದು ಕಷಾಯ ಇರುತ್ತದಲ್ಲ, ಹಾಗೆ ಇದಕ್ಕೆ ದೇಶಕ್ಕೊಂದು. ಯಾವುದು ಸರಿ ಎಂದು ನನ್ನನ್ನು ಕೇಳಬೇಡಿ.

ಒಂದು ಬೆಳಿಗ್ಗೆ ಶೈಲಾ ಬಂದು, ಕ್ಲಾರಾಳ ಅಪ್ಪ ಅದೇ ರೋಗದಲ್ಲಿ ಅಲ್ಲಿನ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು ಅಂದಳು. ವಿಮಾನ ಇಲ್ಲ, ಏನೂ ಇಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚಬಾರದು, ಅಕ್ಕಪಕ್ಕದವರು ಉಣ್ಣಿಸಬೇಕು, ನಮ್ಮ ಪದ್ಧತಿ ಅದು. ನಮ್ಮ ಸಿಲಿಂಡರ್ ಮುಗಿದಿತ್ತು. ಹಿತ್ತಿಲಿನಲ್ಲಿ ಸ್ನಾನದ ಹಂಡೆ ಇಳಿಸಿ, ಆ ಒಲೆಯಲ್ಲೇ ಅನ್ನ, ಖಾರವಿಲ್ಲದ ಬೇಳೆ ಸಾರು ಮಾಡಿ ಕ್ಯಾರಿಯರ್‌ನಲ್ಲಿ ಕಳಿಸಿದೆ. ಮಾರನೆಯ ದಿನವೂ ಕಳಿಸಿದೆ.

ಮೂರನೆಯ ದಿನ ಮಧ್ಯಾಹ್ನ ಮಹಡಿಯಿಂದ ಟೊಮೇಟೊ ಬೇಯುವ ವಾಸನೆ. ಮಾರ್ಕೆಟ್ ಇಲ್ಲದೆ ಪಕ್ಕದ ಪಿಳ್ಳಮ್ಮ ದನಕ್ಕೆ ಹಾಕುತ್ತಿದ್ದ ಹಣ್ಣನ್ನು ಇವಳು ಬುಟ್ಟಿಗಟ್ಟಲೆ ಕೇಳಿ ತಂದಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಶೈಲಾಳನ್ನು ಕರೆದುಕೊಂಡು ಮೇಲೆ ಹೋದೆ. ದೊಡ್ಡ ಪಾತ್ರೆ ಕುದಿಯುತ್ತಿತ್ತು. ಅಕ್ಕಿ ಡಬ್ಬಕ್ಕೆ ಒರಗಿಸಿದ ಫೋನಿನಲ್ಲಿ ಒಬ್ಬ ಗಂಡಸು.

"ಏನಮ್ಮಾ ಇದು? ಅಪ್ಪನ್ನ ಕಳ್ಕೊಂಡೋಳು ಒಲೆ ಅಂಟಿಸ್ತಾರಾ? ಆರಿಸು ಮೊದ್ಲು!"

ಕ್ಲಾರಾ ಸೌಟು ಬಿಡದೆ ಏನೋ ಹೇಳಿದಳು. ಶೈಲಾ ದನಿ ತಗ್ಗಿಸಿದಳು. "ಅತ್ತೆ, ಸುಮ್ನಿರಿ. ಫೋನಲ್ಲಿರೋದು ಅವರಣ್ಣ. ಅಲ್ಲಿ ಮಣ್ಣು ಮಾಡೋಕೆ ಮನೆಯವರನ್ನೂ ಬಿಡ್ತಿಲ್ವಂತೆ. ಇನ್ನು ಸ್ವಲ್ಪ ಹೊತ್ತಿಗೆ ಎತ್ತುತ್ತಾರಂತೆ. ಅವರಪ್ಪ ವರ್ಷಾ ವರ್ಷಾ ಟೊಮೇಟೊ ಬೇಯಿಸಿ ಬಾಟ್ಲಿಗೆ ತುಂಬಿಸಿಡ್ತಿದ್ರಂತೆ. ಅಪ್ಪ ತುಂಬಿಸಿಟ್ಟಿದ್ದ ಬಾಟ್ಲಿ ಬಿಚ್ಚಿ ಅಣ್ಣ ಅಲ್ಲಿ ಒಲೆ ಮೇಲೆ ಇಟ್ಟಿದಾನೆ, ಇವಳು ಇಲ್ಲಿ. ಅಪ್ಪನ್ನ ಇಂಗೆ ಕಳಿಸಿಕೊಡೋದು ಅಂತ ಮಾತಾಡ್ಕೊಂಡಿದಾರೆ."

ಇಲ್ಲಿ ನಮ್ಮಲ್ಲಿ ಹೆಣದ ಹಿಂದೆ ಹೋಗಲು ಒಂದಿಪ್ಪತ್ತು ಜನಕ್ಕಾದರೂ ಅಪ್ಪಣೆ ಇತ್ತು. ಅಲ್ಲಿ ಮಗನಿಗೂ ಇಲ್ಲ.

ಅಷ್ಟರಲ್ಲಿ ಉರಿ ಸಣ್ಣಗಾಗಿ, ಪುಕ್ ಎಂದು ಆರಿತು. ಅವಳ ಸಿಲಿಂಡರೂ ಮುಗಿದಿತ್ತು. ಕ್ಲಾರಾ ಒಲೆಯ ಕಿವಿ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಎರಡು ದಿನದಿಂದ ಒಂದು ಹನಿ ಕಣ್ಣೀರು ಹಾಕದವಳು ನೆಲದ ಮೇಲೆ ಕೂತು ಅಳತೊಡಗಿದಳು.

"ಶೈಲಾ, ಆ ಕಡೆ ಹಿಡಿಯೇ."

"ಎಲ್ಲಿಗತ್ತೆ?"

"ಹಿತ್ತಲಿಗೆ. ಹಂಡೆ ಒಲೆಗೆ."

"ಅಯ್ಯೋ, ಸೂತಕದ್ದು, ನಮ್ಮ ಒಲೇಲಿ..."

"ಬಾಯಿ ಮುಚ್ಕೊಂಡು ಹಿಡಿ, ಬಿಸಿ ಇದೆ."

ಪಾತ್ರೆ ಇಳಿಸಿದೆವು. ಕರಟ, ತೆಂಗಿನ ಗರಿ ತುರುಕಿ ನಾನೇ ಕಡ್ಡಿ ಗೀರಿದೆ. ಹೊಗೆ ಕಂಡಿದ್ದೇ ತಡ, ಗೋಡೆಯ ಮೇಲೆ ಪಿಳ್ಳಮ್ಮನ ತಲೆ.

"ಏನಕ್ಕಾ, ಸಾವಾಗಿರೋ ಮನೇಲಿ ಅಡಿಗೆನಾ?"

"ಸ್ನಾನಕ್ಕೆ ನೀರು ಕಾಯಿಸ್ತಾ ಇವ್ನಿ ಕಣೇ."

"ಟೊಮೇಟೊ ನೀರಾ?"

"ಇಟಲಿಯೋರ ಪದ್ಧತಿ. ನಿಂಗೇನು ಗೊತ್ತು?"

ಕ್ಲಾರಾ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದರಲ್ಲಿ ತಿರುವುತ್ತಿದ್ದಳು. ಉರಿ ಏರಿದರೆ ನಾನು ಸೌದೆ ಎಳೆಯುತ್ತಿದ್ದೆ, ಇಳಿದರೆ ಒಳಕ್ಕೆ ದೂಡುತ್ತಿದ್ದೆ. ರಸ ಗಟ್ಟಿಯಾಗುತ್ತಾ ಬಂದಾಗ ಫೋನಿನಲ್ಲಿ ಗಂಟೆ ಕೇಳಿಸಿತು, ಅವರ ಚರ್ಚಿನದು. ಅಲ್ಲಿ ಅಣ್ಣ ತಲೆ ತಗ್ಗಿಸಿದ. ಕ್ಲಾರಾ ಎದ್ದು ನಿಂತಳು. ಮಂಡಿ ಹಿಡಿದುಕೊಂಡು ನಾನೂ ಎದ್ದೆ. ಏನೆಂದು ತಿಳಿಯದಿದ್ದರೂ ಪಿಳ್ಳಮ್ಮ ಸೆರಗು ಹೊದ್ದು, ಗೋಡೆಯಾಚೆ ಸುಮ್ಮನೆ ನಿಂತಳು. ಗಂಟೆ ನಿಂತ ಮೇಲೆ ನಾನು ಉರಿಯ ಮೇಲೆ ಬೂದಿ ಎಳೆದೆ.

ಆ ಸಾರು ಸಪ್ಪೆ. ನನ್ನ ಪಾಲಿಗೆ ಖಾರದ ಪುಡಿ ಉದುರಿಸಿಕೊಂಡು ಉಂಡೆ. ವಿಮಾನ ಬಿಟ್ಟ ಮೇಲೆ ಕ್ಲಾರಾ ಊರಿಗೆ ಹೋದಳು. ಮಹಡಿಗೆ ಬೇರೆಯವರು ಬಂದರು.

ಟೊಮೇಟೊ ರಾಶಿ ಕಂಡ ದಿನ ನಾನು ಮತ್ತು ಶೈಲಾ ಬರುತ್ತಿದ್ದದ್ದು ಜಿಗಣಿಯಿಂದ. ನನ್ನ ತಮ್ಮ ಅಲ್ಲಿ ತೀರಿಕೊಂಡಿದ್ದ. ಈಗ ತಡೆಯುವವರಿಲ್ಲ, ಬೀದಿ ತುಂಬಾ ಜನ ಬಂದಿದ್ದರು. ಮಣ್ಣು ಹಾಕಿ ಬಂದು ಸ್ನಾನ ಮಾಡುವಷ್ಟರಲ್ಲಿ ಮಹಡಿಯವರು ಅನ್ನ, ಸಾರು ಕಳಿಸಿದ್ದರು. ಮುಚ್ಚಿಟ್ಟೆ. ಅಡಿಗೆಮನೆಗೆ ಹೋಗಿ ಒಲೆ ಹಚ್ಚಿ, ಹುರುಳಿಕಾಳು ಬೇಯಲಿಟ್ಟೆ. ನನ್ನ ಕೈಯ ಬಸ್ಸಾರು ಅಂದರೆ ಅವನು ಜಿಗಣಿಯಿಂದ ಬಸ್ಸು ಹತ್ತಿ ಬರುತ್ತಿದ್ದ.

ಶೈಲಾ ಬಾಗಿಲಲ್ಲಿ ನಿಂತು ಉರಿಯುವ ಒಲೆ ನೋಡಿದಳು. ಬೆಳ್ಳುಳ್ಳಿ ಬುಟ್ಟಿ ಎಳೆದುಕೊಂಡು ಕೂತಳು.

"ಎಷ್ಟು ಸುಲೀಲಿ ಅತ್ತೆ?"

"ಜಾಸ್ತಿನೇ ಸುಲಿ" ಅಂದೆ. "ಅವನಿಗೆ ಎಷ್ಟಾಕಿದ್ರೂ ಸಾಲ್ದು."