ನಾನು ಉಜ್ಜಿದ ಚಾಸಿ

ಮಕ್ಕಳೇ, ನಿಮ್ಮ ಮುತ್ಯಾ ಒಂದು ಗಾಡಿ ಮಾಡಿದ್ದರು ಅಂತ ನಿಮ್ಮಪ್ಪ ಹೇಳಿರಬೇಕು. ಕೊಂಡಿದ್ದರು ಅನ್ನುವುದಿಲ್ಲ ಅವನು, ಮಾಡಿದ್ದರು ಅಂತಲೇ ಅನ್ನುತ್ತಾನೆ. ಅದು ಸರಿಯೇ. ಆದರೆ ಆ ಗಾಡಿ ಯಾಕೆ ದುಡಿಮೆಗೆ ಇಳಿಯಲಿಲ್ಲ ಅನ್ನುವುದು ಅವನಿಗೆ ಗೊತ್ತಿಲ್ಲ. ಆಗಿನ್ನೂ ಸಣ್ಣ ಶಾಲೆಗೆ ಹೋಗುತ್ತಿದ್ದ.

ಕೆ.ಆರ್. ಪುರದಲ್ಲಿ, ಟಿನ್ ಫ್ಯಾಕ್ಟರಿಯಿಂದ ಸ್ವಲ್ಪ ಒಳಗೆ, ನಮಗೊಂದು ಬಾಡಿಗೆ ಕೋಣೆ ಇತ್ತು. ರಾಯಚೂರು ಕಡೆಯಿಂದ ಬಂದ ನಾಲ್ಕು ಮನೆಗಳಿಗೆ ಒಂದೇ ಅಂಗಳ. ನಿಮ್ಮ ಮುತ್ಯಾ ಹಲಸೂರಿನ ಒಂದು ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದರು. ಆ ಗ್ಯಾರೇಜಿನ ಹಿಂದೆ ಮಿಲಿಟರಿ ಹರಾಜಿನಲ್ಲಿ ಬಂದ ಹಳೆಯ ಪಿಕಪ್ಪೊಂದು ಬಿದ್ದಿತ್ತು. ನಾಲ್ಕೂ ಚಕ್ರಕ್ಕೆ ಎಳೆತ ಇರುವಂಥದ್ದು. ಅದರೊಳಗೆ ಹುಲ್ಲು ಬೆಳೆದಿತ್ತು.

ಅದೇ ಕಾಲಕ್ಕೆ ಕರೆಂಟಿನ ದೊಡ್ಡ ಕಂಬ ನಿಲ್ಲಿಸುವ ಒಬ್ಬ ಗುತ್ತಿಗೆದಾರರು ಇವರಿಗೆ ಸಿಕ್ಕಿದರು. ದಾರಿಯೇ ಇಲ್ಲದ ಗುಡ್ಡಕ್ಕೆ ತಂತಿ, ಕಬ್ಬಿಣ ಹೊತ್ತು ಹತ್ತುವ ಗಾಡಿ ಅವರಿಗೆ ಬೇಕಿತ್ತು. ಗಾಡಿ ಓಡಿಸಲು ಯೋಗ್ಯ ಅನ್ನುವ ಎಫ್.ಸಿ. ಮಾಡಿಸಿ ಕಾಗದಪತ್ರ ಸರಿಯಿಟ್ಟುಕೊಂಡು ಬಂದರೆ ಲೈನಿನ ಕೆಲಸ ಮುಗಿಯುವವರೆಗೂ ನಿನ್ನ ಗಾಡಿಯೇ ಇರಲಿ ಅಂದರಂತೆ. ನಿಮ್ಮ ಮುತ್ಯಾ ಗ್ಯಾರೇಜು ಬಿಟ್ಟರು. ಪಿಕಪ್ಪನ್ನು ಗುಜರಿ ಬೆಲೆಗೆ ಕೊಂಡು, ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದು ಅಂಗಳದಲ್ಲಿ ನಿಲ್ಲಿಸಿದರು. ಬೇರೊಬ್ಬರ ಕೈಕೆಳಗೆ ಇನ್ನು ಬಗ್ಗುವುದಿಲ್ಲ ಅನ್ನುವುದೊಂದೇ ಅವರ ತಲೆಯಲ್ಲಿದ್ದದ್ದು.

ಹಳೆಯ ಪೆಟ್ರೋಲ್ ಇಂಜಿನ್ ತೆಗೆದು ಡೀಸೆಲ್ಲಿನದು ಕೂರಿಸಲು ಶಿವಾಜಿನಗರದಿಂದ ಒಬ್ಬ ಮಿಸ್ತ್ರಿ ಬರುತ್ತಿದ್ದರು. ಇವರಿಗಿಂತ ಹಿರಿಯರು, ನಾವು ಚಾಚಾ ಅನ್ನುತ್ತಿದ್ದೆವು. ಹಳೆಯ ಇಂಜಿನ್ನನ್ನು ಅವರೇ ಗುಜರಿಗೆ ಕೊಂಡೊಯ್ದು ಕೊಟ್ಟರು. ನಿಮ್ಮ ಮುತ್ಯಾ ಸ್ಪ್ರಿಂಗಿಗೆ ಮತ್ತೆರಡು ಪ್ಲೇಟು ಸೇರಿಸಿ ಗಾಡಿಯನ್ನು ಮೊಣಕಾಲೆತ್ತರ ಮೇಲೆತ್ತಿದರು. ಹಲ್ಲು ಹಲ್ಲಾಗಿರುವ ದೊಡ್ಡ ಟೈರು ಹಾಕಿದರು. ಕೆಸರಿನಲ್ಲಿ ಹೂತರೆ ತನ್ನನ್ನು ತಾನೇ ಎಳೆದುಕೊಳ್ಳಲಿ ಅಂತ ಮುಂದೆ ತಂತಿಹಗ್ಗದ ರಾಟೆಯೊಂದನ್ನು ಕೂರಿಸಿದರು. ಅಂಗಳದ ಹೆಂಗಸರು ಇದೇನು ಗಾಡಿಯೋ ಗಡಿಗೆ ಹೊತ್ತ ಒಂಟೆಯೋ ಅಂತ ನಗುತ್ತಿದ್ದರು.

ನನಗೂ ಒಂದು ಕೆಲಸ ಇತ್ತು. ಗಾಡಿಯ ಮೈಯೆಲ್ಲ ಹೊರುವ ಎರಡು ಉದ್ದನೆಯ ಕಬ್ಬಿಣದ ತೊಲೆ ಇರುತ್ತವಲ್ಲ, ಅದಕ್ಕೆ ಚಾಸಿ ಅನ್ನುತ್ತಾರೆ. ಬಾಡಿ ಬಿಚ್ಚಿ ಅದನ್ನು ಇಟ್ಟಿಗೆಗಳ ಮೇಲೆ ಇಟ್ಟಿದ್ದರು. ತುಕ್ಕು ಪದರು ಪದರಾಗಿ ಹಿಡಿದಿತ್ತು. ಕೈಯಲ್ಲಿ ಹಿಡಿಯುವ ಗ್ರೈಂಡರ್ ಮಷಿನ್ ಹೇಗೆ ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಅಂತ ಅವರೇ ಕಲಿಸಿದರು. ಈ ತುದಿಯಿಂದ ಆ ತುದಿವರೆಗೆ ಬೆಳ್ಳಗೆ ಹೊಳೆಯಬೇಕು ಅಂದರು. ಮದುವೆಯಾದ ಮೇಲೆ ಅಡುಗೆ ಬಿಟ್ಟು ಬೇರೆ ಕೆಲಸದಲ್ಲಿ ಅವರು ನನ್ನನ್ನು ನಂಬಿದ್ದು ಅದೇ ಮೊದಲು. ಸೆರಗನ್ನು ಮೂಗಿಗೆ ಕಟ್ಟಿಕೊಂಡು ನಾಲ್ಕು ದಿನ ಉಜ್ಜಿದೆ.

ಚಾಚಾ ಒಮ್ಮೆ ಇವರಿಗೆ, "ಭಾಯ್, ನಿಮ್ಮನೆಯವರನ್ನ ನನ್ನ ಅಂಗಡಿಗೆ ಕಳ್ಸಿ. ನೀವು ಮನೇಲಿ ಕೂತು ರೊಟ್ಟಿ ತಟ್ಟಿ" ಅಂದರು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

ನಾಲ್ಕನೆಯ ದಿನ, ಬಲಗಡೆ ತೊಲೆಯ ಮುಂದಿನ ತುದಿಯಲ್ಲಿ, ತುಕ್ಕಿನ ಕೆಳಗಿಂದ ಅಂಕಿಗಳು ಕಂಡವು. ಒಂದು ಮೂರು, ಒಂದು ಸೊನ್ನೆ, ಆಮೇಲೆ ಎಂಟೋ ಆರೋ. ಅರ್ಧ ತುಕ್ಕೇ ತಿಂದಿತ್ತು. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಓದಿದವಳು ನಾನು, ಅಂಕಿ ಗುರುತಿಸಲು ಬಾರದೆ ಇರಲಿಲ್ಲ. ಮಷಿನ್ ನಿಲ್ಲಿಸಿದೆ. ಇದನ್ನು ಉಜ್ಜಲೋ ಬೇಡವೋ ಅಂತ ಕೇಳಬೇಕು ಅನ್ನಿಸಿತು. ಇವರು ಹತ್ತು ಹೆಜ್ಜೆ ದೂರದಲ್ಲಿದ್ದರು. ಜೊತೆಗೆ ಚಾಚಾ, ಪಕ್ಕದ ಮನೆಯ ಇಬ್ಬರು ಗಂಡಸರು, ಎಲ್ಲರ ಕೈಯಲ್ಲೂ ಚಹಾ. ಪರ ಗಂಡಸರ ಮುಂದೆ ಇವರನ್ನು ಕರೆದು ಮಾತಾಡಿಸಿ ನನಗೆ ಅಭ್ಯಾಸವಿರಲಿಲ್ಲ. ನಿಮ್ಮಪ್ಪ ಇದ್ದಿದ್ದರೆ ಅವನನ್ನು ಕಳಿಸುತ್ತಿದ್ದೆ, ಶಾಲೆಗೆ ಹೋಗಿದ್ದ. ಬಳೆ ಅಲ್ಲಾಡಿಸಿದೆ. ಇವರಿಗೆ ಕೇಳಿಸಲಿಲ್ಲ.

ಚಾಚಾ ನೋಡಿದರು. "ಯಾಕಕ್ಕಾ, ಸುಸ್ತಾಯ್ತಾ?" ಅಂದರು. ಎಲ್ಲರೂ ತಿರುಗಿ ನೋಡಿ ನಕ್ಕರು. ನಾನು ತಲೆ ತಗ್ಗಿಸಿ ಮಷಿನ್ ಶುರು ಮಾಡಿದೆ. ಒಂದು ಗಳಿಗೆಯಲ್ಲಿ ಅಲ್ಲಿ ಏನೂ ಉಳಿಯಲಿಲ್ಲ. ಸಂಜೆ ಇವರು ತೊಲೆಯ ಮೇಲೆ ಅಂಗೈ ಆಡಿಸಿ, ಕನ್ನಡಿಯಾಗೇದ ನೋಡು ಅಂದರು. ಮರುದಿನ ಕೆಂಪು ಬಣ್ಣ, ಅದರ ಮೇಲೆ ಕಪ್ಪು.

ಎಫ್.ಸಿ.ಗೆ ಹೋಗುವ ದಿನ ನನ್ನನ್ನೂ ಕೂರಿಸಿಕೊಂಡು ಹೋದರು. ಅಷ್ಟೆತ್ತರದಿಂದ ರಸ್ತೆ ನೋಡಿದ್ದು ಅದೊಂದೇ ಸಲ. ಬ್ರೇಕ್ ಇನ್ಸ್‌ಪೆಕ್ಟರು ಗಾಡಿ ಓಡಿಸಿ ನೋಡಿದರು, ಕೆಲಸ ಚೆನ್ನಾಗಿದೆ ಅಂದರು. ಆಮೇಲೆ ಚಾಸಿ ನಂಬರಿನ ಅಚ್ಚು ಕೇಳಿದರು. ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ತಿಕ್ಕಿದರೆ ಅಂಕಿಗಳು ಕಾಗದಕ್ಕೆ ಬರುತ್ತವೆ. ನಿಮ್ಮ ಮುತ್ಯಾ ಕೆಳಗೆ ನುಗ್ಗಿ ತಿಕ್ಕಿದರು. ಕಾಗದ ಬರೀ ಬೂದಿ ಬಣ್ಣಕ್ಕೆ ತಿರುಗಿತು. ಥಿನ್ನರ್ ಹಾಕಿ ಬಣ್ಣ ಒರೆಸಿ ಮತ್ತೆ ತಿಕ್ಕಿದರು. ಗಾಡಿಯ ಕೆಳಗಿಂದ ಅವರು ಹೊರಗೆ ಬರಲು ಬಹಳ ಹೊತ್ತು ಹಿಡಿಯಿತು.

"ಯಾರು ಉಜ್ಜಿದ್ದು?" ಇನ್ಸ್‌ಪೆಕ್ಟರು ಕೇಳಿದರು.

"ನಾನೇ ಸಾರ್" ಅಂದರು ಇವರು.

"ಇಷ್ಟು ಕೆಲಸ ಗೊತ್ತಿದೆ, ಇದು ಗೊತ್ತಿಲ್ವಾ? ಆರ್.ಸಿ. ಪುಸ್ತಕದಲ್ಲಿರೋ ಗಾಡಿ ಇದೇ ಅಂತ ನಾನು ಏನು ನೋಡಿ ಬರೀಲಿ?"

ಅವರು ಸಿಟ್ಟಿನಿಂದ ಅನ್ನಲಿಲ್ಲ. ಹಳೆಯ ಇಂಜಿನ್ ತಾ, ಅದರ ನಂಬರಾದರೂ ಪುಸ್ತಕಕ್ಕೆ ಹೊಂದಿದರೆ ಮೇಲಿನವರಿಗೆ ಬರೆಯುತ್ತೇನೆ ಅಂದರು. ಅಲ್ಲಿಂದ ನೇರ ಶಿವಾಜಿನಗರಕ್ಕೆ ಹೋದೆವು. ಚಾಚಾ ಗುಜರಿ ಅಂಗಡಿಯ ರಾಶಿಯ ಮೇಲೆ ಹತ್ತಿ ತಾವೇ ಕೈಯಿಂದ ಕೆದಕಿದರು. ಇಂಜಿನ್ನನ್ನು ಸುತ್ತಿಗೆಯಿಂದ ಒಡೆದು ಎರಕದವರಿಗೆ ಕೊಟ್ಟು ವಾರಗಳಾಗಿದ್ದವು. ನಾನೇ ನನ್ನ ಕೈಯಾರೆ ಕೊಟ್ಟೆನಲ್ಲ ಅಂತ ಚಾಚಾ ಅಲ್ಲೇ ಕೂತುಬಿಟ್ಟರು. ಇವರು ಅವರ ಭುಜ ಹಿಡಿದು, ಬಿಡಿ, ತಪ್ಪು ನನ್ನದು ಅಂದರು. ನಾನು ಬಾಗಿಲ ಬಳಿ ನಿಂತಿದ್ದೆ.

ಆಮೇಲೆ ಅರ್ಜಿ, ಪೊಲೀಸ್ ಠಾಣೆ. ಅದು ಕದ್ದ ಗಾಡಿ ಅಲ್ಲ ಅಂತ ತೋರಿಸಲು ಮಳೆಗಾಲ ಮುಗಿಯುವವರೆಗೆ ಓಡಾಡಿದರು, ಆಗಲಿಲ್ಲ. ಗುತ್ತಿಗೆದಾರರು ಎರಡು ಸಲ ಹೇಳಿಕಳಿಸಿ, ಮೂರನೆಯ ಸಲಕ್ಕೆ ಬೇರೆ ಗಾಡಿ ಗೊತ್ತು ಮಾಡಿಕೊಂಡರು. ಕಾಗದ ಇಲ್ಲದ ಗಾಡಿಯನ್ನು ಬಿಡಿ ಬಿಡಿಯಾಗಿ ಅಲ್ಲದೆ ಯಾರೂ ಕೊಳ್ಳುವುದಿಲ್ಲ. ಕೊನೆಗೆ ನಿಮ್ಮ ಮುತ್ಯಾ ತಾವೇ ಗ್ಯಾಸಿನ ಉರಿಯಿಂದ ಅದನ್ನು ಕೊಯ್ದರು. ಸೋಮವಾರ ಹಲಸೂರಿಗೆ ಹೋಗಿ ಅದೇ ಗ್ಯಾರೇಜಿನ ಮಾಲೀಕರ ಮುಂದೆ ನಿಂತರು. ಅವರು ಮತ್ತೆ ಸೇರಿಸಿಕೊಂಡರು, ದಿನಗೂಲಿಗೆ. ಅಲ್ಲಿಯೇ ಕಣ್ಣು ಮಂಜಾಗುವವರೆಗೆ ದುಡಿದರು.

ಅಂಗಳದ ಹೆಂಗಸೊಬ್ಬಳು ನನ್ನ ಬಗ್ಗೆ ಏನೋ ಆಡಿದಾಗ ಇವರು, ಆಕಿಗೇನ ಗೊತ್ತು ಪಾಪ, ನಾ ಹೇಳಬೇಕಿತ್ತು ಅಂದದ್ದು ನನ್ನ ಕಿವಿಗೆ ಬಿತ್ತು. ಬೈದಿದ್ದರೆ ಚೆನ್ನಾಗಿತ್ತು.

ಅವರು ಹಾಸಿಗೆ ಹಿಡಿದ ವರ್ಷ, ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಧೈರ್ಯ ಮಾಡಿದೆ. ಆ ಚಾಸಿ ಉಜ್ಜೂ ಮುಂದ ಅಂತ ಬಾಯಿ ತೆರೆದೆ.

"ಅದನ್ಯಾಕ ತೆಗೀತಿ ಈಗ?" ಅಂದರು. "ನಿನಗೇನ ಗೊತ್ತಿತ್ತು?"

ಚಮಚ ಕೈಯಲ್ಲೇ ಇತ್ತು. ಅವರು ಉತ್ತರಕ್ಕೆ ಕಾಯುತ್ತಿದ್ದರೋ ಇಲ್ಲವೋ ನನಗೆ ತಿಳಿಯಲಿಲ್ಲ.

"ಹೂಂ, ಗೊತ್ತಿರಲಿಲ್ಲ" ಅಂದೆ.