ಕರಿಗಾಲಿನ ಮರಿ

ಹೆಬ್ಬಾಳದ ಕಾಲೇಜೊಂದರಲ್ಲಿ ನಾನು ತಳಿಶಾಸ್ತ್ರ ಪಾಠ ಹೇಳ್ತಿದ್ದೆ. ಕುದುರೆಯ ಮೈಕಟ್ಟು, ಕಾಲಿನ ವಾಟ, ಎತ್ತರ ಇವೆಲ್ಲ ಅಪ್ಪ ಅಮ್ಮನಿಂದ ಮರಿಗೆ ಸಾಕಷ್ಟು ಇಳಿಯುತ್ತವೆ. ಬೇಲಿ ಹಾರುವ ಧೈರ್ಯ ಅಷ್ಟಾಗಿ ಇಳಿಯೋದಿಲ್ಲ, ಅದರಲ್ಲಿ ಕಲಿಸಿದವರ ಪಾಲೂ ಇದೆ. ಎಪ್ಪತ್ತರ ದಶಕವೆಲ್ಲ ಇದನ್ನೇ ಬೋರ್ಡಿನ ಮೇಲೆ ಬರೆದು ಸೆರಗಿಗೆ ಸೀಮೆಸುಣ್ಣ ಮಾಡ್ಕೊಂಡವಳು ನಾನು. ಅಂಥವಳಿಗೇ ಟೋಪಿ ಹಾಕಿದ ಪುಣ್ಯಾತ್ಮ ನನ್ನ ಕ್ಲಾಸ್‌ಮೇಟು.

ನನ್ನ ಹೆಣ್ಣು ಕುದುರೆ ಅಪ್ಪಟ ಕೆಂಚು. ಮೈ, ಬಾಲ, ಕತ್ತಿನ ಕೂದಲು ಎಲ್ಲ ಒಂದೇ ಕೆಂಪು. ಹಿಂಗಾಲು ಮಾತ್ರ ಕುಡುಗೋಲಿನ ಹಾಗೆ ಸ್ವಲ್ಪ ಬಾಗಿತ್ತು. ಆದರೂ ಏನು ಹಾರ್ತಿತ್ತು ಅಂತೀರಿ! ವಯಸ್ಸಾಗ್ತಾ ಬಂದಿತ್ತು. ಅದು ಕಣ್ಮುಚ್ಚೋದರೊಳಗೆ ಅದರದ್ದೊಂದು ಒಳ್ಳೆ ಮರಿ ನೋಡಬೇಕು, ಅದೊಂದೇ ಆಸೆ ನನಗೆ.

ಆ ಕ್ಲಾಸ್‌ಮೇಟನ ಲಾಯ ಯಲಹಂಕದ ಪುಟ್ಟೇನಹಳ್ಳಿ ಕೆರೆ ಹತ್ತಿರ. ಅವನ ಗಂಡು ಕುದುರೆಯೂ ಕೆಂಚೇ. ಹಾರೋದರಲ್ಲಿ ಊರಿಗೆಲ್ಲ ಹೆಸರು. ಕೇಳಿದ ಕೂಡಲೇ, "ನಿಂಗಿಲ್ದೆ ಇನ್ಯಾರಿಗೆ ಮಾರಾಯ್ತಿ, ಕರ್ಕೊಂಡು ಬಾ" ಅಂದ.

ಗಂಡು ಬಿಡಿಸೋ ಮುಂಚೆ ಒಂದು ಪದ್ಧತಿ ಇದೆ. ಹೆಣ್ಣು ಒಪ್ಪುತ್ತೋ ಒದೆಯುತ್ತೋ ನೋಡೋಕೆ ಮೊದಲು ಒಂದು ಸಾಧಾರಣ ಗಂಡನ್ನ ಬೇಲಿ ಆಚೆ ತಂದು ಮೂಸಿಸ್ತಾರೆ. ಒಪ್ಪಿತು ಅಂತ ಗೊತ್ತಾದ್ರೆ ಅದನ್ನ ಎಳ್ಕೊಂಡು ಹೋಗಿ ನಿಜವಾದ ಗಂಡನ್ನ ತರ್ತಾರೆ. ಅವತ್ತು ಬೇಲಿ ಆಚೆ ಬಂದದ್ದು ಕಪ್ಪು ಬಾಲ, ಕಪ್ಪು ಕಾಲಿನ ಕುದುರೆ. ನನ್ನದು ಒಪ್ಪಿತು. ಅಷ್ಟರಲ್ಲಿ ಅವನ ತಾಯಿ ಹಿತ್ತಲ ಬಾಗಿಲಲ್ಲಿ ನಿಂತು, "ಒಳಗೆ ಬಾರಮ್ಮ, ಕಾಫಿ ಆರೋಗುತ್ತೆ. ಹೆಣ್ಮಕ್ಕಳು ನಿಂತು ನೋಡೋದಲ್ಲ ಅದು" ಅಂದ್ರು. ದಿನಾ ಕ್ಲಾಸಲ್ಲಿ ಅದೇ ಪಾಠ ಮಾಡೋಳು, ಹಿರಿಯರ ಮಾತು ಅಂತ ತಲೆ ತಗ್ಗಿಸಿ ಒಳಗೆ ಹೋದೆ.

ಮರುವರ್ಷ ಹೆಣ್ಣು ಮರಿ ಹುಟ್ಟಿತು. ತಿಳಿ ಕಂದು ಮೈ, ಬಿಳಿಚಿದ ಕಾಲು. ಬಾಲ ಒಂಚೂರು ಮಬ್ಬಾಗಿತ್ತು. ಹುಟ್ಟುಕೂದಲು, ಬದಲಾಗುತ್ತೆ ಅಂದ್ಕೊಂಡೆ. ನಮ್ಮ ಲಾಯದವರಿಗೆಲ್ಲ ಮೈಸೂರುಪಾಕು ಹಂಚಿದೆ. ಕೆಲವು ತಿಂಗಳಿಗೆ ಹುಟ್ಟುಕೂದಲು ಉದುರಿತು. ಮೈ ಉಜ್ಜುತ್ತಾ ಕೂತವಳ ಕೈ ಹಾಗೇ ನಿಂತುಬಿಡ್ತು. ಮೊಣಕಾಲಿಂದ ಕೆಳಗೆ ಕಪ್ಪು. ಬಾಲ ಕಪ್ಪು. ಕೆಂಚಿಗೂ ಕೆಂಚಿಗೂ ಹುಟ್ಟಿದರೆ ಕೆಂಚೇ ಹುಟ್ಟಬೇಕು, ಕಪ್ಪು ಕಾಲು ಬರೋಕೆ ದಾರಿಯೇ ಇಲ್ಲ.

ನೆಟ್ಟಗೆ ಅವನ ಲಾಯಕ್ಕೆ ಹೋದೆ. "ಯಾವುದನ್ನ ಬಿಟ್ಯೋ ಅವತ್ತು?"

ಮೊದಲು ನಕ್ಕ. ಆಮೇಲೆ ಬೂಟು ನೋಡ್ಕೊಂಡು ಅಂದ, "ನಿನ್ನ ಕುದುರೆ ಹಿಂಗಾಲು ಗೊತ್ತಲ್ಲ. ಅಂಥ ಕಾಲಿನ ಮರಿ ನನ್ನ ಕುದುರೆ ಹೆಸರಲ್ಲಿ ಓಡಾಡಿದ್ರೆ ನಾಳೆ ನನ್ನ ಹತ್ರ ಯಾರು ಬರ್ತಾರೆ? ಕಾಲು ಇಳಿಯುತ್ತೆ ಅಂತ ಪಾಠ ಹೇಳೋಳು ನೀನೇ ತಾನೆ?"

"ಬಾಯಿಬಿಟ್ಟು ಹೇಳ್ಬಾರ್ದಿತ್ತೇನೋ?"

"ನೀನು ಬೇಜಾರು ಮಾಡ್ಕೊಳ್ತಿದ್ದೆ."

ಆಹಾ, ಎಂಥ ಕರುಣೆ! ಬೇಡ ಅಂದಿದ್ರೆ ಅತ್ತು ಸುಮ್ಮನಾಗ್ತಿದ್ದೆ, ಇನ್ನೊಂದು ಗಂಡು ಹುಡುಕ್ತಿದ್ದೆ. ನನ್ನ ಕುದುರೆ ಮತ್ತೆ ಗಬ್ಬ ಕಟ್ಟಲಿಲ್ಲ.

ಮರಿಯ ಕಾಲು ನೆಟ್ಟಗೇ ಬಂತು. ನಾನೇ ಕಲಿಸಿದೆ. ಎಂಬತ್ತರ ದಶಕದ ಒಂದು ಭಾನುವಾರ ಜಾಲಹಳ್ಳಿ ಕಡೆ ಸ್ಪರ್ಧೆ; ಎಲ್ಲ ಬೇಲಿಗಳನ್ನೂ ಒಂದು ಕೋಲೂ ಬೀಳಿಸದೆ ಹಾರಿತು. ಇಳಿದು ಲಗಾಮು ಹಿಡ್ಕೊಂಡು ಬರ್ತಿದ್ದೀನಿ, ಹಗ್ಗದ ಆಚೆ ನಾಲ್ಕು ಜನರ ನಡುವೆ ಅವನ ದನಿ: "ನಮ್ಮ ಕೆಂಚು ಕುದುರೆ ಮಗಳು ಕಣ್ರೀ ಅದು. ರಕ್ತ ಎಲ್ಲಿಗೆ ಹೋಗುತ್ತೆ?"

ಮೈಯೆಲ್ಲ ಉರಿದುಹೋಯ್ತು. ಮರಿಯನ್ನ ಅವರ ಮುಂದೇ ತಂದು ನಿಲ್ಲಿಸಿ ಕಾಲು ತೋರಿಸಿದೆ.

"ಕಪ್ಪು ನೋಡ್ಕೊಳ್ಳಿ. ಇದರಪ್ಪ ಬೇಲಿ ಆಚೆ ಮೂಸೋಕೆ ತಂದಿದ್ದ ಕುದುರೆ. ಅದಕ್ಕೊಂದು ಹಿಡಿ ಹುಲ್ಲು ಜಾಸ್ತಿ ಹಾಕೋ, ಹೋಗು."